ಮಾದರಿ ಅವಧಿಯನ್ನು ಮರೆತು ಝಡ್ ಪರಿವರ್ತನೆ ಕಲಿಯಲಾಗದು

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಈಚೆಗೆ ಪ್ರಕಟವಾದ ಪರೀಕ್ಷಾ ಮಾರ್ಗದರ್ಶಿಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಸಿಗ್ನಲ್‌ಗಳ ಗಣಿತವನ್ನು ಕನ್ನಡದಲ್ಲಿ ಬರೆಯಲು ಒಬ್ಬರು ಮುಂದಾದದ್ದು ಸಂತೋಷದ ಸಂಗತಿ. ಕಾಸರಗೋಡಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ಮುಗಿಸಿ, ಪೊವ್ವಲ್‌ನ ಎಂಜಿನಿಯರಿಂಗ್ ಕಾಲೇಜಿಗೋ ಗಡಿಯಾಚೆ ಮಂಗಳೂರಿನ ಕಡೆಗೋ ಹೋಗುವ ಮಕ್ಕಳು ಆ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆಂಬುದು ಗಣಿತದ ಪಾಠ ಹೇಳುವ ನನಗೆ ಗೊತ್ತು. ಆದ್ದರಿಂದಲೇ ಅದರಲ್ಲಿದ್ದ ಎರಡು ಮಾತುಗಳನ್ನು ಕಂಡೂ ಕಾಣದಂತೆ ಬಿಡಲು ಮನಸ್ಸು ಬರಲಿಲ್ಲ. ಲ್ಯಾಪ್ಲಾಸ್ ಪರಿವರ್ತನೆ ಹಳೆಯ ಅನಲಾಗ್ ಕಾಲದ್ದು, ಡಿಜಿಟಲ್ ಯುಗಕ್ಕೆ ಝಡ್ ಪರಿವರ್ತನೆಯೊಂದೇ ಸಾಕು ಎಂಬುದು ಮೊದಲನೆಯ ಮಾತು. ಪರಿವರ್ತನೆಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಕೊಂಡರೆ ಅಂಕಗಳಿಗೆ ಮೋಸವಿಲ್ಲ ಎಂಬುದು ಎರಡನೆಯದು. ಅಂಕಗಳ ಮಾತು ನಿಜವಿದ್ದೀತು. ಮೊದಲನೆಯದು ಮಾತ್ರ ಸರಿಯಲ್ಲ, ಮತ್ತು ಎರಡನೆಯ ಸಲಹೆಯನ್ನು ಪಾಲಿಸಿದ ವಿದ್ಯಾರ್ಥಿಗೆ ಅದು ಸರಿಯಲ್ಲವೆಂದು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ.

ಲ್ಯಾಪ್ಲಾಸ್ ಪರಿವರ್ತನೆಯಲ್ಲಿ ಎಡೆಬಿಡದೆ ಬದಲಾಗುತ್ತಿರುವ ಸಿಗ್ನಲನ್ನು, ಎಸ್ ಮತ್ತು ಕಾಲ ಇವೆರಡರ ಗುಣಲಬ್ಧದ ಋಣವನ್ನು ಘಾತವಾಗಿ ಉಳ್ಳ, ಸುಮಾರು 2.718 ಬೆಲೆಯ ಸ್ಥಿರಾಂಕ ಇ ಯಿಂದ ಗುಣಿಸಿ, ಸೊನ್ನೆಯಿಂದ ಅನಂತದವರೆಗೆ ಅನುಕಲಿಸುತ್ತೇವೆ. ಝಡ್ ಪರಿವರ್ತನೆಯಲ್ಲಿ ಬಿಡಿಬಿಡಿಯಾಗಿ ಬರುವ ಬೆಲೆಗಳಲ್ಲಿ ಎನ್‌ನೆಯದನ್ನು ಝಡ್‌ನ ಎನ್‌ನೆಯ ಘಾತದಿಂದ ಭಾಗಿಸಿ ಎಲ್ಲವನ್ನೂ ಕೂಡಿಸುತ್ತೇವೆ. ಮೊದಲನೆಯದರಲ್ಲಿ ಅವಕಲನ, ಅಂದರೆ ಬದಲಾವಣೆಯ ವೇಗವನ್ನು ಕಾಣುವ ಕ್ರಿಯೆ, ಎಸ್‌ನಿಂದ ಮಾಡುವ ಗುಣಾಕಾರವಾಗುತ್ತದೆ, ಆರಂಭದ ಬೆಲೆಯೂ ತಾನಾಗಿ ಲೆಕ್ಕದೊಳಗೆ ಬಂದು ಸೇರುತ್ತದೆ; ಎರಡನೆಯದರಲ್ಲಿ ಒಂದು ಹೆಜ್ಜೆಯ ತಡವು ಝಡ್‌ನಿಂದ ಮಾಡುವ ಭಾಗಾಕಾರವಾಗುತ್ತದೆ. ಹೀಗೆ ಒಂದು ಕಡೆ ಅವಕಲ ಸಮೀಕರಣ, ಇನ್ನೊಂದು ಕಡೆ ವ್ಯತ್ಯಾಸ ಸಮೀಕರಣ, ಎರಡೂ ಬೀಜಗಣಿತಕ್ಕೆ ಇಳಿಯುತ್ತವೆ. ಇಷ್ಟನ್ನು ಮಾರ್ಗದರ್ಶಿಯೂ ಹೇಳಿತ್ತು. ಅದು ಹೇಳದೆ ಬಿಟ್ಟದ್ದು ಇವೆರಡನ್ನೂ ಕಟ್ಟಿಹಾಕುವ ಒಂದು ಸಾಲನ್ನು: ಝಡ್ ಎಂದರೆ ಇ ಯ ಎಸ್-ಟಿ ಘಾತ. ಇಲ್ಲಿ ಟಿ ಎಂಬುದು ಮಾದರಿ ಅವಧಿ, ಅಂದರೆ ಸಿಗ್ನಲ್‌ನಿಂದ ಒಂದು ಬೆಲೆಯನ್ನು ಎತ್ತಿಕೊಂಡ ಬಳಿಕ ಮುಂದಿನದನ್ನು ಎತ್ತಿಕೊಳ್ಳುವವರೆಗಿನ ಕಾಲ.

ಈ ಸಾಲಿನ ಅರ್ಥ ತಿಳಿಯಲು ಪ್ರಯೋಗಶಾಲೆಗೇ ಹೋಗಬೇಕೆಂದಿಲ್ಲ. ನಮ್ಮ ಕಡೆಯ ಯಾವುದೇ ಸಹಕಾರಿ ಬ್ಯಾಂಕಿನಲ್ಲಿ ಒಬ್ಬ ಅಡಿಕೆ ಕೃಷಿಕರು ತಿಂಗಳಿಗೆ ಶೇಕಡಾ 1ರ ಬಡ್ಡಿಯಲ್ಲಿ 1,00,000 ರೂಪಾಯಿ ಸಾಲ ಪಡೆದು, 12 ಸಮಾನ ಮಾಸಿಕ ಕಂತುಗಳಲ್ಲಿ ತೀರಿಸಲು ಒಪ್ಪಿಕೊಂಡರೆಂದು ಇಟ್ಟುಕೊಳ್ಳೋಣ. ಈ ತಿಂಗಳ ಬಾಕಿ ಎಂದರೆ ಹಿಂದಿನ ತಿಂಗಳ ಬಾಕಿಯ 1.01 ಪಟ್ಟು, ಅದರಿಂದ ಕಟ್ಟಿದ ಕಂತನ್ನು ಕಳೆದದ್ದು. ಇದು ಒಂದು ವ್ಯತ್ಯಾಸ ಸಮೀಕರಣ. ಅದರ ಪೋಲ್, ಎಂದರೆ ಪರಿವರ್ತನೆಯ ಛೇದವನ್ನು ಸೊನ್ನೆಯಾಗಿಸುವ ಬೆಲೆ, 1.01ರಲ್ಲಿ, ಅಂದರೆ 1 ತ್ರಿಜ್ಯದ ಏಕಮಾನ ವೃತ್ತದಿಂದ ತುಸುವೇ ಹೊರಗೆ ಇದೆ. ಕಂತು ಕಟ್ಟದಿದ್ದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ ಎಂಬ, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನೇ ಗಣಿತವು ಪೋಲ್ ವೃತ್ತದ ಹೊರಗಿದೆ, ವ್ಯವಸ್ಥೆ ಅಸ್ಥಿರ ಎಂದು ಹೇಳುತ್ತದೆ. ಈಗ 12ನೆಯ ತಿಂಗಳ ಕೊನೆಗೆ ಬಾಕಿ ಸೊನ್ನೆಯಾಗಬೇಕಾದರೆ ಕಂತು ಎಷ್ಟಿರಬೇಕು? ಸಮೀಕರಣವನ್ನು ತಿಂಗಳು ತಿಂಗಳಾಗಿ ಬಿಡಿಸಿ ಬರೆದರೆ, ಮೊದಲನೆಯ ಕಂತನ್ನು 1.01ರಿಂದ, ಎರಡನೆಯದನ್ನು 1.01ರ ವರ್ಗದಿಂದ, ಮೂರನೆಯದನ್ನು ಅದರ ಘನದಿಂದ, ಹೀಗೆ 12ನೆಯದರವರೆಗೆ ಭಾಗಿಸಿ ಕೂಡಿಸಿದ ಮೊತ್ತವು ಮೂಲ ಸಾಲಕ್ಕೆ ಸಮನಾಗಿರಬೇಕೆಂದು ಬರುತ್ತದೆ. ಮೇಲೆ ಹೇಳಿದ ಝಡ್ ಪರಿವರ್ತನೆಯ ವ್ಯಾಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಂತುಗಳ ಸಾಲನ್ನು ಒಂದು ಸಿಗ್ನಲ್ ಎಂದು ತಿಳಿದರೆ, ಝಡ್‌ಗೆ 1.01 ಎಂಬ ಬೆಲೆ ಕೊಟ್ಟಾಗ ಅದರ ಝಡ್ ಪರಿವರ್ತನೆಯೇ ಸಾಲದ ಮೊತ್ತ. ಒಂದೊಂದು ರೂಪಾಯಿಯ 12 ಕಂತುಗಳಿಗೆ ಆ ಮೊತ್ತ 11.2551 ಆಗುತ್ತದೆ; 1,00,000ವನ್ನು ಇದರಿಂದ ಭಾಗಿಸಿದರೆ ಕಂತು 8,884 ರೂಪಾಯಿ 88 ಪೈಸೆ. ಬ್ಯಾಂಕಿನ ಗುಮಾಸ್ತರು ಅದನ್ನು 8,885 ಎಂದು ಬರೆದುಕೊಳ್ಳುತ್ತಾರೆ. ಕಂತಿನ ಬದಲು ಹಣವು ಎಡೆಬಿಡದೆ ಹರಿದುಬರುತ್ತದೆಂದೂ ಬಡ್ಡಿಯೂ ಕ್ಷಣಕ್ಷಣಕ್ಕೆ ಸೇರುತ್ತದೆಂದೂ ಕಲ್ಪಿಸಿಕೊಂಡರೆ, ಇದೇ ಲೆಕ್ಕ ಎಸ್‌ಗೆ ಬಡ್ಡಿದರದ ಬೆಲೆ ಕೊಟ್ಟ ಲ್ಯಾಪ್ಲಾಸ್ ಪರಿವರ್ತನೆಯಾಗುತ್ತದೆ.

ಟಿ ಯ ಮಹತ್ವ ಕಾಣುವುದು ಇಲ್ಲಿಯೇ. 1.01 ಎಂಬ ಸಂಖ್ಯೆ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಅದು ತಿಂಗಳಿಗೊಮ್ಮೆ ಬೀಳುವ ಗುಣಕವಾದರೆ, ಇ ಯ ಎಸ್-ಟಿ ಘಾತ 1.01 ಎಂದಿಟ್ಟು, ಟಿ ಯನ್ನು ವರ್ಷದ 12ನೆಯ ಒಂದು ಭಾಗ ಎಂದು ತೆಗೆದುಕೊಂಡಾಗ ಎಸ್ ವರ್ಷಕ್ಕೆ 0.1194 ಎಂದು ಬರುತ್ತದೆ. ಎಂದರೆ ಕ್ಷಣಕ್ಷಣಕ್ಕೂ ಸೇರುವ ಬಡ್ಡಿಯ ಲೆಕ್ಕದಲ್ಲಿ ವಾರ್ಷಿಕ ಶೇಕಡಾ 11.94. ತಿಂಗಳ ಲೆಕ್ಕದ ಈ ಸಾಲವನ್ನು ಒಂದು ವರ್ಷ ಮುಟ್ಟದೆ ಬಿಟ್ಟರೆ ಬಾಕಿ 1,12,682 ರೂಪಾಯಿ 50 ಪೈಸೆ ಆಗುತ್ತದೆ. ಅದೇ 1.01 ದಿನಕ್ಕೊಮ್ಮೆ ಬೀಳುವ ಗುಣಕವಾದರೆ, 365 ದಿನಗಳಲ್ಲಿ 1 ಲಕ್ಷವು 37 ಲಕ್ಷವನ್ನು ದಾಟುತ್ತದೆ. ಝಡ್ ತಲದ ಮೇಲೆ, ಅಂದರೆ ಝಡ್ ಪಡೆಯಬಹುದಾದ ಸಂಕೀರ್ಣ ಸಂಖ್ಯೆಗಳನ್ನು ಗುರುತಿಸುವ ತಲದ ಮೇಲೆ, ಪೋಲ್ ಎರಡೂ ಸಲ ಒಂದೇ ಜಾಗದಲ್ಲಿ ಕುಳಿತಿದೆ. ಸಾಲಗಾರನ ಗತಿ ಮಾತ್ರ ಒಂದೇ ಅಲ್ಲ. ಝಡ್ ಮಾತ್ರ ಸಾಕು ಎನ್ನುವವರು ತಮಗರಿವಿಲ್ಲದೆ ಈ ವ್ಯತ್ಯಾಸವನ್ನು ಅಳಿಸಿಹಾಕುತ್ತಾರೆ.

ಹಳತು, ಹೊಸತು ಎಂಬ ವಿಂಗಡಣೆಗೆ ಚರಿತ್ರೆಯ ಬೆಂಬಲವೂ ಇಲ್ಲ. ಬಿಡಿ ಬೆಲೆಗಳ ಸಾಲನ್ನು ಒಂದು ಘಾತ ಶ್ರೇಢಿಯಾಗಿ ಕಟ್ಟುವ ಉಪಾಯವನ್ನು ಗಣಿತಜ್ಞ ಡಿ ಮಾವ್ರ್ 1730ರಲ್ಲಿಯೇ ಬಳಸಿದ್ದರು. ಲ್ಯಾಪ್ಲಾಸ್ ಅವರೂ 1812ರ ತಮ್ಮ ಸಂಭವನೀಯತೆಯ ಗ್ರಂಥದಲ್ಲಿ ಅದನ್ನೇ ಜನಕ ಫಲನವೆಂದು ವಿಸ್ತಾರವಾಗಿ ಬೆಳೆಸಿದರು. ಝಡ್ ಪರಿವರ್ತನೆಯ ಬೇರು ಅಲ್ಲಿದೆ. ಇತ್ತ ವಿದ್ಯುತ್ ಮಂಡಲಗಳ ಲೆಕ್ಕದಲ್ಲಿ ಅವಕಲನವನ್ನು ಒಂದು ಅಕ್ಷರದಂತೆ ಗುಣಿಸಿ ಭಾಗಿಸುವ ಧೈರ್ಯ ಮಾಡಿದವರು 19ನೆಯ ಶತಮಾನದ ಕೊನೆಯಲ್ಲಿ ಆಲಿವರ್ ಹೆವಿಸೈಡ್. ಅವರ ವಿಧಾನಕ್ಕೆ ಗಟ್ಟಿ ತಳಹದಿಯಾಗಿ ಲ್ಯಾಪ್ಲಾಸ್ ಪರಿವರ್ತನೆ ನೆಲೆಯೂರಿದ್ದು 20ನೆಯ ಶತಮಾನದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರ್ ಬಂದಾಗ ಹೊಸ ತೊಡಕೊಂದು ಎದುರಾಯಿತು: ತಿರುಗುವ ಯಂತ್ರ ಎಡೆಬಿಡದೆ ತಿರುಗುತ್ತಿದೆ, ಗುರಿಯ ಸುದ್ದಿ ಮಾತ್ರ ಬಿಟ್ಟುಬಿಟ್ಟು ಬರುತ್ತಿದೆ. ಗಣಿತಜ್ಞ ಹುರೆವಿಚ್ 1947ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ, ಕೊಲಂಬಿಯಾ ವಿಶ್ವವಿದ್ಯಾಲಯದ ರಗಾಝಿನಿ ಮತ್ತು ಝಾದೆ 1952ರಲ್ಲಿ ಝಡ್ ಪರಿವರ್ತನೆ ಎಂಬ ಹೆಸರಿಟ್ಟು ಬರೆದ ಪ್ರಬಂಧವೂ ಈ ಬೆರಕೆ ವ್ಯವಸ್ಥೆಯನ್ನು ಬಿಡಿಸಲೆಂದೇ ಹುಟ್ಟಿದವು. ಲ್ಯಾಪ್ಲಾಸ್ ಪರಿವರ್ತನೆಯ ಜೊತೆಯಲ್ಲಿ ದುಡಿಯಲು ಬಂದದ್ದನ್ನು ಅದರ ಉತ್ತರಾಧಿಕಾರಿ ಎಂದು ಕರೆಯುವುದು ಹೇಗೆ?

ಈಗಿನ ಉಪಕರಣಗಳೂ ಅಂತಹ ಬೆರಕೆಯೇ. ನಮ್ಮೂರಿನ ಮಾಡುಗಳ ಮೇಲೆ ಸೌರಫಲಕಗಳು ಬಂದಿವೆ; ಅವುಗಳ ಇನ್ವರ್ಟರ್‌ನೊಳಗಿನ ಇಂಡಕ್ಟರು ಮತ್ತು ಕೆಪಾಸಿಟರುಗಳು ಇಂದಿಗೂ ಅವಕಲ ಸಮೀಕರಣಕ್ಕೇ ಬದ್ಧವಾಗಿವೆ, ಅವುಗಳನ್ನು ನಿಯಂತ್ರಿಸುವ ಚಿಪ್ಪು ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜನ್ನು ಅಳೆದು ವ್ಯತ್ಯಾಸ ಸಮೀಕರಣವನ್ನು ಬಿಡಿಸುತ್ತದೆ. ಚಿಪ್ಪು ಕೊಟ್ಟ ಬೆಲೆ ಮುಂದಿನ ಬೆಲೆ ಬರುವವರೆಗೆ ಹಾಗೆಯೇ ನಿಲ್ಲುವುದರಿಂದ, ಸರಾಸರಿಯಲ್ಲಿ ಟಿ ಯ ಅರ್ಧದಷ್ಟು ತಡ ವ್ಯವಸ್ಥೆಯೊಳಗೆ ಸೇರಿಕೊಳ್ಳುತ್ತದೆ. ಈ ತಡವನ್ನು ಗಣನೆಗೆ ತೆಗೆದುಕೊಳ್ಳದೆ ಬರೆದ ನಿಯಂತ್ರಕ ಕಾಗದದ ಮೇಲೆ ಸ್ಥಿರವಾಗಿದ್ದು, ಯಂತ್ರಕ್ಕೆ ಹಾಕಿದಾಗ ತೂಗಾಡಬಹುದು.

ಎಸ್‌ನಿಂದ ಝಡ್‌ಗೆ ಹೋಗುವಾಗ ಆಗುವ ಅನಾಹುತಕ್ಕೆ ಒಂದು ಸಣ್ಣ ಲೆಕ್ಕ ಸಾಕು. 10 ಕಿಲೋಓಮ್ ರೆಸಿಸ್ಟರಿನ ಮೂಲಕ ಬರಿದಾಗುವ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ತೆಗೆದುಕೊಳ್ಳಿ. ಇವೆರಡರ ಗುಣಲಬ್ಧವಾದ ಕಾಲ ಸ್ಥಿರಾಂಕ 0.1 ಸೆಕೆಂಡು; ಎಸ್ ತಲದಲ್ಲಿ, ಅಂದರೆ ಎಸ್ ಪಡೆಯಬಹುದಾದ ಬೆಲೆಗಳ ತಲದಲ್ಲಿ, ಪೋಲ್ −10ರಲ್ಲಿದೆ. ಟಿ 0.01 ಸೆಕೆಂಡು ಎಂದಾದರೆ ಝಡ್ ತಲದಲ್ಲಿ ಪೋಲ್ ಇರಬೇಕಾದ ಜಾಗ 0.9048. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಸರಳ ಆಯ್ಲರ್ ವಿಧಾನ, ಅಂದರೆ ಮುಂದಿನ ಮತ್ತು ಈಗಿನ ಬೆಲೆಗಳ ವ್ಯತ್ಯಾಸವನ್ನು ಟಿ ಯಿಂದ ಭಾಗಿಸಿ ಅದನ್ನೇ ಅವಕಲನವೆಂದು ತಿಳಿಯುವ ವಿಧಾನ, 0.9 ಎಂದು ಕೊಡುತ್ತದೆ. ದ್ವಿರೇಖೀಯ ಪರಿವರ್ತನೆ, ನಿಯಂತ್ರಣ ಶಾಸ್ತ್ರದವರು ಟಸ್ಟಿನ್ ವಿಧಾನವೆಂದು ಕರೆಯುವುದು, ನಾಲ್ಕು ದಶಮಾಂಶದವರೆಗೆ ನಿಜ ಬೆಲೆಯನ್ನೇ ಕೊಡುತ್ತದೆ. ಇಲ್ಲಿಯವರೆಗೆ ಯಾರೂ ದೂರುವುದಿಲ್ಲ. ಈಗ ಟಿ ಯನ್ನು 0.25 ಸೆಕೆಂಡಿಗೆ ಏರಿಸಿ ನೋಡಿ. ನಿಜವಾದ ಪೋಲ್ 0.082, ಟಸ್ಟಿನ್ ಕೊಡುವುದು −0.111, ಆಯ್ಲರ್ ಕೊಡುವುದು −1.5. ಟಸ್ಟಿನ್ ಉತ್ತರದಲ್ಲಿ ಚಿಹ್ನೆ ತಪ್ಪಿದ್ದರೂ ಅದು ವೃತ್ತದ ಒಳಗಿದೆ, ಸ್ವಲ್ಪ ಹೊಯ್ದಾಡಿ ಸೊನ್ನೆಗೆ ಇಳಿಯುತ್ತದೆ. ಆಯ್ಲರ್ ಲೆಕ್ಕದಲ್ಲಾದರೋ 10 ವೋಲ್ಟ್ ತುಂಬಿದ ಕೆಪಾಸಿಟರು ಬರಿದಾಗುವ ಬದಲು −15, 22.5, −33.75 ವೋಲ್ಟ್ ಎಂದು ಜಿಗಿಯುತ್ತ ಅನಂತದ ಕಡೆಗೆ ಹೋಗುತ್ತದೆ. ಒಂದು ರೆಸಿಸ್ಟರು, ಒಂದು ಕೆಪಾಸಿಟರು ಇರುವ, ಬೇರೆ ಯಾವ ಶಕ್ತಿಮೂಲವೂ ಇಲ್ಲದ ಮಂಡಲದಲ್ಲಿ ಇದು ಎಂದೂ ನಡೆಯದ ಮಾತು. ಈ ಮಂಡಲಕ್ಕೆ ಆಯ್ಲರ್ ವಿಧಾನ ಸ್ಥಿರವಾಗಿ ಉಳಿಯಬೇಕಾದರೆ ಟಿ 0.2 ಸೆಕೆಂಡಿಗಿಂತ ಕಡಿಮೆ ಇರಬೇಕೆಂದು ಹೇಳಬಲ್ಲವರು ಯಾರು? ಎಸ್ ತಲದ −10 ಎಂಬ ಪೋಲನ್ನು ಬಲ್ಲವರು ಮಾತ್ರ.

ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಕಾಣುವ ಇನ್ನೊಂದು ಎಡವಟ್ಟು ಇದೇ ಜಾತಿಯದು. ಇಸಿಜಿ ಸಿಗ್ನಲ್‌ಗೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟು ಸೇರಿಕೊಳ್ಳುತ್ತದೆ, ಅದನ್ನು ತೆಗೆಯಬೇಕು. ಸೆಕೆಂಡಿಗೆ 500 ಬೆಲೆಗಳನ್ನು ಎತ್ತುವುದಾದರೆ ಏಕಮಾನ ವೃತ್ತದ ಪೂರ್ಣ ಸುತ್ತು 500 ಹರ್ಟ್ಸ್‌ಗೆ ಸಮ, ಆದ್ದರಿಂದ 50 ಹರ್ಟ್ಸ್ ಎಂಬುದು ಅದರ ಮೇಲೆ 36 ಡಿಗ್ರಿಯಲ್ಲಿ ಬೀಳುತ್ತದೆ. ಆ ಜಾಗದಲ್ಲಿ ಮತ್ತು ಅದರ ಪ್ರತಿಬಿಂಬದಲ್ಲಿ ಒಂದೊಂದು ಝೀರೋ, ಅಂದರೆ ಫಿಲ್ಟರಿನ ಉತ್ತರ ಸೊನ್ನೆಯಾಗುವ ಬಿಂದು, ಇಟ್ಟರೆ, ಈಗಿನ ಬೆಲೆಯಿಂದ ಹಿಂದಿನದರ 1.618 ಪಟ್ಟನ್ನು ಕಳೆದು ಅದಕ್ಕೂ ಹಿಂದಿನದನ್ನು ಕೂಡಿಸುವ ಸೂತ್ರ ಸಿಗುತ್ತದೆ. ಶಿಲ್ಪ, ಚಿತ್ರಕಲೆಗಳ ಚರ್ಚೆಯಲ್ಲಿ ಕೇಳಿಬರುವ ಸುವರ್ಣ ಅನುಪಾತ ಇಲ್ಲಿ ಇಣುಕುವುದು 36 ಡಿಗ್ರಿಯ ಕೊಸೈನಿನ ಕೃಪೆ. ಹೃದಯಕ್ಕೂ ಅದಕ್ಕೂ ಸಂಬಂಧವಿಲ್ಲ. ಉಳಿದ ಆವರ್ತನೆಗಳಿಗೆ ಪೆಟ್ಟು ಬೀಳದಂತೆ ಅದೇ ಕೋನದಲ್ಲಿ, ಕೇಂದ್ರದಿಂದ 0.95 ದೂರದಲ್ಲಿ ಪೋಲ್‌ಗಳನ್ನು ಇಡುತ್ತಾರೆ. ಈ ಸಂಖ್ಯೆಗಳನ್ನು ಎಲ್ಲಿಂದಲೋ ನಕಲು ಮಾಡಿಕೊಂಡು, ಅಗ್ಗದ ಚಿಪ್ಪಿನಲ್ಲಿ ಸೆಕೆಂಡಿಗೆ 250 ಬೆಲೆಗಳನ್ನಷ್ಟೇ ಎತ್ತಿದರೆ ಏನಾಗುತ್ತದೆ? 36 ಡಿಗ್ರಿ ಎಂಬುದು ಈಗ 25 ಹರ್ಟ್ಸ್. ಹೃದಯದ ಸಿಗ್ನಲ್‌ನ ಒಂದು ಭಾಗವೇ ಅಳಿಯುತ್ತದೆ, ಗುಂಯ್‌ಗುಟ್ಟು ಉಳಿಯುತ್ತದೆ. ಬೇಕಾಗಿದ್ದದ್ದು 72 ಡಿಗ್ರಿ, ಅದರ ಗುಣಾಂಕ 0.618.

ಟಿ ತೀರಾ ದೊಡ್ಡದಾದಾಗ ಹುಟ್ಟುವ ಭ್ರಮೆಯನ್ನು ಕಾಸರಗೋಡಿನವರು ಚಂದ್ರಗಿರಿ ಹೊಳೆಯ ಅಳಿವೆಯಲ್ಲಿಯೇ ಪರೀಕ್ಷಿಸಬಹುದು. ಕಡಲಿನ ಏರಿಳಿತದಲ್ಲಿ ಹಲವು ಘಟಕಗಳಿವೆ. ಚಂದ್ರನಿಂದಾಗುವ ಮುಖ್ಯ ಘಟಕವನ್ನಷ್ಟೇ ನೋಡಿದರೆ ಅದರ ಆವರ್ತ 12 ಗಂಟೆ 25 ನಿಮಿಷ. ಒಬ್ಬರು ದಿನವೂ ಬೆಳಿಗ್ಗೆ 6 ಗಂಟೆಗೆ ಮಾತ್ರ ನೀರಿನ ಮಟ್ಟವನ್ನು ಬರೆದಿಟ್ಟುಕೊಳ್ಳುತ್ತಾರೆ ಎನ್ನೋಣ. 24 ಗಂಟೆಗಳಲ್ಲಿ ಈ ಏರಿಳಿತ 1.932 ಸುತ್ತು ಸುತ್ತುತ್ತದೆ, ಎಂದರೆ ಎರಡು ಪೂರ್ಣ ಸುತ್ತಿಗೆ 24.4 ಡಿಗ್ರಿ ಕಡಿಮೆ. ಪೂರ್ಣ ಸುತ್ತುಗಳನ್ನು ಝಡ್ ಗುರುತಿಸುವುದಿಲ್ಲ; ಅದಕ್ಕೆ ಕಾಣುವುದು ದಿನಕ್ಕೆ 24.4 ಡಿಗ್ರಿಯಂತೆ ಹಿಮ್ಮುಖವಾಗಿ ಸರಿಯುವ ಬಿಂದು. ಹಾಗಾಗಿ ಆ ಪುಸ್ತಕದಲ್ಲಿ ಮೂಡುವುದು 14.77 ದಿನಗಳಿಗೊಮ್ಮೆ ಏರಿ ಇಳಿಯುವ ಒಂದು ನಿಧಾನ ಅಲೆ. ಅಮಾವಾಸ್ಯೆ ಹುಣ್ಣಿಮೆಗಳ ನಡುವಿನ ಅಂತರವೂ ಸರಾಸರಿಯಲ್ಲಿ ಅಷ್ಟೇ ಆದ್ದರಿಂದ, ತಾನು ಕಂಡದ್ದು ಆ ದಿನಗಳ ದೊಡ್ಡ ಉಬ್ಬರವನ್ನೇ ಎಂದು ಬರೆದವರು ನಂಬಿಬಿಡುವ ಅಪಾಯವೂ ಇದೆ. ಹುಣ್ಣಿಮೆಯ ಉಬ್ಬರ ದೊಡ್ಡದೆಂಬುದು ನಿಜ, ಆದರೆ ಈ ಅಲೆ ಅದಲ್ಲ. ಇದು ಮಾದರಿ ಎತ್ತಿದ ಕ್ರಮದಿಂದ ಹುಟ್ಟಿದ ಸುಳ್ಳು ಅಲೆ. ಎಸ್ ತಲದಲ್ಲಿ ಎರಡು ಪೈ ಭಾಗಿಸು ಟಿ ಯಷ್ಟು ಅಗಲದ ಪಟ್ಟಿಗಳು ಒಂದರ ಮೇಲೊಂದು ಮಡಚಿಕೊಂಡು ಝಡ್ ತಲಕ್ಕೆ ಬರುತ್ತವೆ ಎಂಬ ಪಠ್ಯಪುಸ್ತಕದ ವಾಕ್ಯದ ತಾತ್ಪರ್ಯ ಇಷ್ಟೇ. ಈ ಮುಖ್ಯ ಘಟಕವನ್ನು ಸರಿಯಾಗಿ ಹಿಡಿಯಬೇಕಾದರೆ ಎರಡು ಅಳತೆಗಳ ನಡುವೆ 6 ಗಂಟೆ 12 ನಿಮಿಷಗಳಿಗಿಂತ ಕಡಿಮೆ ಅಂತರವಿರಬೇಕು. ಗಂಟೆಗೊಮ್ಮೆ ಅಳೆದರೆ ಬಿಂದು ಪ್ರತಿ ಹೆಜ್ಜೆಗೆ ಸುಮಾರು 29 ಡಿಗ್ರಿ ಮುಂದೆ ಸರಿಯುತ್ತದೆ, ಗೊಂದಲವಿಲ್ಲ. ಎತ್ತಿದ ಮೇಲೆ ಬೆರೆತುಹೋದದ್ದನ್ನು ಯಾವ ಡಿಜಿಟಲ್ ಫಿಲ್ಟರೂ ಬೇರ್ಪಡಿಸಲಾರದು. ಅದಕ್ಕಾಗಿಯೇ ಮಾದರಿ ಎತ್ತುವ ಮುನ್ನ ಅನಲಾಗ್ ಫಿಲ್ಟರ್ ಒಂದನ್ನು ಇಡುತ್ತಾರೆ, ಮತ್ತು ಅದರ ವಿನ್ಯಾಸ ನಡೆಯುವುದು ಎಸ್ ತಲದಲ್ಲಿ.

ಇನ್ನು ಬಾಯಿಪಾಠದ ಕೋಷ್ಟಕದ ವಿಚಾರ. ಮಾರ್ಗದರ್ಶಿಯಲ್ಲಿ ಅಚ್ಚಾಗಿದ್ದ ಕೋಷ್ಟಕದಲ್ಲಿ ಅಭಿಸರಣ ವಲಯದ ಕಾಲಂ ಇರಲೇ ಇಲ್ಲ. ಆ ಅನುಕಲ ಅಥವಾ ಮೊತ್ತ ಎಸ್‌ನ, ಝಡ್‌ನ ಯಾವ ಬೆಲೆಗಳಿಗೆ ನಿಶ್ಚಿತ ಉತ್ತರ ಕೊಡುತ್ತದೆ ಎಂದು ಹೇಳುವ ಕಾಲಂ ಅದು. ಅನುಕಲವನ್ನು ಸೊನ್ನೆಯ ಬದಲು ಋಣ ಅನಂತದಿಂದಲೇ ಆರಂಭಿಸುವ ಎರಡು ಬದಿಯ ವ್ಯಾಖ್ಯೆಯಲ್ಲಿ, ಎಸ್ ಮತ್ತು 10ರ ಮೊತ್ತದಿಂದ 1ನ್ನು ಭಾಗಿಸಿದ ಪರಿವರ್ತನೆಗೆ ಎರಡು ಮೂಲ ಸಿಗ್ನಲ್‌ಗಳಿವೆ: ಸೊನ್ನೆ ಕ್ಷಣದಲ್ಲಿ ಆರಂಭವಾಗಿ ಕುಗ್ಗುತ್ತ ಹೋಗುವುದೊಂದು, ಸೊನ್ನೆ ಕ್ಷಣಕ್ಕಿಂತ ಹಿಂದೆ ಮಾತ್ರ ಇದ್ದು ಅಲ್ಲಿಗೇ ನಿಂತುಹೋಗುವ, ಋಣ ಚಿಹ್ನೆಯ ಇನ್ನೊಂದು. ಮೊದಲನೆಯದರ ವಲಯ −10ರ ಬಲಕ್ಕೆ, ಎರಡನೆಯದರದು ಎಡಕ್ಕೆ. ಝಡ್‌ನಲ್ಲಿ ಇದೇ ಸಂಗತಿ ಒಂದು ವೃತ್ತದ ಹೊರಗೆ, ಒಳಗೆ ಎಂದಾಗುತ್ತದೆ. ಎಲ್ಲ ಸಿಗ್ನಲ್‌ಗಳೂ ಸೊನ್ನೆಯ ನಂತರವೇ ಆರಂಭವಾಗುತ್ತವೆ ಎಂದು ಮೊದಲೇ ಒಪ್ಪಿಕೊಂಡರೆ ತೊಂದರೆ ಇಲ್ಲ, ಆದರೆ ಹಾಗೆ ಒಪ್ಪಿಕೊಂಡಿದ್ದೇವೆಂದು ಹೇಳಬೇಕು.

ಸಿಗ್ನಲ್ ಕೊನೆಗೆ ಯಾವ ಬೆಲೆಯಲ್ಲಿ ನೆಲೆಸುತ್ತದೆಂದು ಪರಿವರ್ತನೆಯಿಂದಲೇ ಹೇಳುವ ಅಂತಿಮ ಬೆಲೆಯ ಪ್ರಮೇಯವನ್ನೂ ಅದರ ಷರತ್ತನ್ನು ಬಿಟ್ಟು ಅಚ್ಚು ಹಾಕಲಾಗಿತ್ತು. ಮೇಲಿನ ಬ್ಯಾಂಕಿನ ಸಾಲಕ್ಕೆ, ಒಂದು ಕಂತನ್ನೂ ಕಟ್ಟದೆ, ಆ ಸೂತ್ರವನ್ನು ಹಾಕಿ ನೋಡಿದೆ: ಬಾಕಿಯ ಅಂತಿಮ ಬೆಲೆ ಸೊನ್ನೆ ಎಂದು ಬರುತ್ತದೆ. ಹೀಗೆ ಸಾಲ ತಾನಾಗಿ ತೀರುವುದಾಗಿದ್ದರೆ ಗಡಿಯ ಎರಡೂ ಬದಿಯ ಕೃಷಿಕರು ಪ್ರಮೇಯಕ್ಕೆ ಹೂಮಾಲೆ ಹಾಕುತ್ತಿದ್ದರು. ಪೋಲ್‌ಗಳೆಲ್ಲ ಏಕಮಾನ ವೃತ್ತದ ಒಳಗೆ, ಹೆಚ್ಚೆಂದರೆ ಒಂದು ಮಾತ್ರ 1ರಲ್ಲಿ ಇದ್ದಾಗ ಆ ಸೂತ್ರ ನಡೆಯುತ್ತದೆ, 1.01ರ ಪೋಲ್ ಹೊರಗಿದೆ. ಲ್ಯಾಪ್ಲಾಸ್ ಪಕ್ಷದಲ್ಲಿಯೂ ಇದೇ ಷರತ್ತು, ವೃತ್ತದ ಬದಲು ಎಡ ಅರ್ಧತಲ, 1ರ ಬದಲು ಸೊನ್ನೆ.

ಮಾರ್ಗದರ್ಶಿಯ ಮುಂದಿನ ಕಂತಿನಲ್ಲಿ ಈ ಕೋಷ್ಟಕವನ್ನು ಪುನಃ ಪ್ರಕಟಿಸುವುದಾದರೆ, ಪ್ರತಿ ಸಾಲಿನಲ್ಲಿ ಅಭಿಸರಣ ವಲಯವನ್ನೂ, ನಿರಂತರ ಸಿಗ್ನಲ್‌ನಿಂದ ಎತ್ತಿದ ಉದಾಹರಣೆಗಳ ಎದುರು ಮಾದರಿ ಅವಧಿಯನ್ನೂ, ಅಂತಿಮ ಬೆಲೆಯ ಪ್ರಮೇಯದ ಪಕ್ಕದಲ್ಲಿ ಅದರ ಷರತ್ತನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ. ಜಾಗದ ಅಭಾವವಿದ್ದರೆ ಮಾದರಿ ಪ್ರಶ್ನೆಗಳಲ್ಲಿ ಒಂದೆರಡನ್ನು ಕೈಬಿಡಬಹುದು. ಅವು ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಹೇಗೂ ಸಿಗುತ್ತವೆ.

ಇತಿ,
ಗಣಿತದ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ